ಮೂರೇ ದಿನದಲ್ಲಿ ಪ್ರಕಟಣೆ!

ಪಿಎಚ್.ಡಿ. ಮಾಡುತ್ತಿರುವ ಗೆಳೆಯರೇ, 'ಮೂರು ದಿನದಲ್ಲಿ ಪ್ರಕಟಣೆ ಖಚಿತ, ಶುಲ್ಕ ಇಷ್ಟೇ' ಎಂದು ಯಾವುದೋ ಜರ್ನಲ್‌ನಿಂದ ಇ-ಮೇಲ್ ಬಂದರೆ ಹಿಗ್ಗಬೇಡಿ. ತಜ್ಞರೊಬ್ಬರು ಓದಿ ಅಭಿಪ್ರಾಯ ಬರೆಯಲಿಕ್ಕೇ ವಾರಗಟ್ಟಲೆ ಬೇಕು. ಇಲ್ಲಿ ಓದಿದವರು ಯಾರು? ಯುಜಿಸಿ ತಾನು ಒಪ್ಪಿದ ಜರ್ನಲ್‌ಗಳ ಕೇರ್ ಪಟ್ಟಿಯನ್ನು 2025ರ ಫೆಬ್ರವರಿಯಲ್ಲಿ ಕೈಬಿಟ್ಟ ಮೇಲೆ ಜರಡಿ ಹಿಡಿಯುವ ಕೆಲಸ ನಮ್ಮ ತಲೆಗೇ ಬಂದಿದೆ. ಆ ಜರ್ನಲ್‌ನ ಹಳೆಯ ನಾಲ್ಕು ಲೇಖನ ಓದಿ. ಸಂಪಾದಕ ಮಂಡಳಿಯಲ್ಲಿ ಹೆಸರಿರುವವರು ನಿಜಕ್ಕೂ ಅಲ್ಲಿ ಹೇಳಿದ ವಿಶ್ವವಿದ್ಯಾಲಯದಲ್ಲಿ ಇದ್ದಾರೆಯೇ ನೋಡಿ.

ಇನ್ನು ಲೇಖನದ ಸಾರಾಂಶವನ್ನು ಕೊನೆಗೆ ಬರೆಯಿರಿ. 'ಇತ್ತೀಚಿನ ದಿನಗಳಲ್ಲಿ ನೀರು ಮಹತ್ವ ಪಡೆದಿದೆ' ಎಂದು ಅದು ಶುರುವಾದರೆ ನನಗಂತೂ ಆಕಳಿಕೆ. 'ಕೋಲಾರದ ಹತ್ತು ಕೊಳವೆಬಾವಿಗಳ ನೀರಲ್ಲಿ ಫ್ಲೋರೈಡ್ ಅಳೆದೆವು' ಎನ್ನಿ, ಕೂತು ಓದುತ್ತೇನೆ.

ವಿಮರ್ಶಕರ ಟಿಪ್ಪಣಿ ಬಂದ ದಿನವೇ ಉತ್ತರಿಸಬೇಡಿ. ಎರಡು ದಿನ ಬಿಟ್ಟು ಓದಿದರೆ ಅರ್ಧದಷ್ಟು ಸರಿಯೆನಿಸುತ್ತದೆ. ಹಾಂ, ಒಂದೇ ಲೇಖನವನ್ನು ಏಕಕಾಲಕ್ಕೆ ಎರಡು ಕಡೆ ಕಳಿಸಲೇಬೇಡಿ.