ಬೆಟ್ಟ ಹತ್ತಿಸಿ ನೋಡಿ, ಆಮೇಲೆ ಹೈಬ್ರಿಡ್ ಕೊಳ್ಳಿ

ಹತ್ತು ವರ್ಷದ ಹಿಂದೆ ಹೈಬ್ರಿಡ್ ಕಾರು ಅಂದರೆ ಉಳ್ಳವರ ಮನೆಯ ಕ್ಯಾಮ್ರಿ. 2013ರಿಂದ ಅದು ನಮ್ಮ ಬಿಡದಿಯ ಟೊಯೊಟಾ ಕಾರ್ಖಾನೆಯಲ್ಲೇ ಸಿದ್ಧವಾಗುತ್ತಿದ್ದರೂ ಬೆಲೆ ಕೇಳಿ ಹಿಂದೆ ಸರಿದವರೇ ಹೆಚ್ಚು. 2022ರಲ್ಲಿ ಅದೇ ಕಾರ್ಖಾನೆಯಿಂದ ಹೈರೈಡರ್, ಮಾರುತಿಯ ಗ್ರ್ಯಾಂಡ್ ವಿಟಾರಾ ಹೊರಬಂದವು. ಹೊಂಡಾ ಸಿಟಿ ಹೈಬ್ರಿಡ್ ಬಂದದ್ದೂ ಆ ವರ್ಷವೇ. ವರ್ಷದ ಕೊನೆಗೆ ಇನ್ನೋವಾ ಹೈಕ್ರಾಸ್ ಬಂತು. ಆಗ ಕೊಂಡವರು ಈಗ ಒಬ್ಬೊಬ್ಬರಾಗಿ ಮಾರುತ್ತಿದ್ದಾರೆ. ಕೊಳ್ಳಲು ಬಂದವರ ಬಾಯಲ್ಲಿ ಒಂದೇ ಪ್ರಶ್ನೆ: ಬ್ಯಾಟರಿ ಹೋದರೆ ಗತಿಯೇನು? ಪ್ರಶ್ನೆ ಸರಿಯೇ. ಆದರೆ ಅದಕ್ಕೆ ಮುಂಚೆ ಕೇಳಿಕೊಳ್ಳಬೇಕಾದವು ಬೇರೆ ಇವೆ.

ಮೊದಲು ನಿಮ್ಮ ಓಡಾಟದ ಲೆಕ್ಕ ಹಾಕಿ. ಹೈಬ್ರಿಡ್ ಪೆಟ್ರೋಲ್ ಉಳಿಸುವುದು ನಿಂತು ನಿಂತು ಸಾಗುವ ರಸ್ತೆಯಲ್ಲಿ. ಮೈಸೂರು-ಬೆಂಗಳೂರು ಎಕ್ಸ್‌ಪ್ರೆಸ್‌ವೇಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಲಾಭ ಕಡಿಮೆ. ಮೈಸೂರಿನ ಕುವೆಂಪುನಗರದಿಂದ ದೇವರಾಜ ಮಾರುಕಟ್ಟೆಗೆ, ಮಕ್ಕಳ ಶಾಲೆಗೆ ಎಂದು ವರ್ಷಕ್ಕೆ 10,000 ಕಿ.ಮೀ. ಓಡಿಸುವವರು ಎನ್ನಿ. ಲೀಟರಿಗೆ 15 ಕಿ.ಮೀ. ಕೊಡುವ ಪೆಟ್ರೋಲ್ ಕಾರಿನ ಬದಲು 22 ಕೊಡುವ ಹೈಬ್ರಿಡ್ ಇದ್ದರೆ ಉಳಿಯುವುದು ಸುಮಾರು 210 ಲೀಟರ್. ಲೀಟರಿಗೆ ನೂರು ರೂಪಾಯಿ ಹಿಡಿದರೂ ವರ್ಷಕ್ಕೆ 21 ಸಾವಿರ. ಎರಡು ಲಕ್ಷ ಹೆಚ್ಚು ಕೊಟ್ಟು ಕೊಂಡರೆ ಆ ದುಡ್ಡು ಮರಳಲು ಒಂಬತ್ತು ವರ್ಷ ದಾಟುತ್ತದೆ. ಕಡಿಮೆ ಓಡಾಟದವರು ಸುಮ್ಮನೆ ಪೆಟ್ರೋಲ್ ಕಾರು ಕೊಳ್ಳುವುದೇ ಮೇಲು ಎಂಬುದು ನನ್ನ ಲೆಕ್ಕ.

ಕ್ಲಚ್ ಇದೆಯೇ ನೋಡಿ

ಮಾರುಕಟ್ಟೆಯಲ್ಲಿ ಹೆಚ್ಚು ಜನ ಮೋಸಹೋಗುವುದು ಹೆಸರಿನಲ್ಲಿ. 2015ರ ಸಿಯಾಜ್, ಎರ್ಟಿಗಾಗಳ ಬೆನ್ನಿಗಿದ್ದ ಎಸ್‌ಎಚ್‌ವಿಎಸ್, ಆಮೇಲಿನ ಎಕ್ಸ್‌ಎಲ್‌6, ಬ್ರೆಜಾಗಳ 'ಸ್ಮಾರ್ಟ್ ಹೈಬ್ರಿಡ್' ಎಲ್ಲವೂ ಮೈಲ್ಡ್ ಹೈಬ್ರಿಡ್. ಎಂಜಿನ್ನಿಗೆ ಸ್ವಲ್ಪ ಕೈಜೋಡಿಸುತ್ತವೆಯೇ ಹೊರತು ಬರೀ ಬ್ಯಾಟರಿಯಲ್ಲಿ ಓಡುವುದಿಲ್ಲ; ಹಾಗೆ ಓಡಬಲ್ಲದ್ದು ಸ್ಟ್ರಾಂಗ್ ಹೈಬ್ರಿಡ್. ಗೊಂದಲ ಹೆಚ್ಚುವುದು ಗ್ರ್ಯಾಂಡ್ ವಿಟಾರಾ, ಹೈರೈಡರ್‌ಗಳಲ್ಲಿ. ಒಂದೇ ಹೆಸರಿನ ಕಾರಿನಲ್ಲಿ ಎರಡೂ ಬಗೆ ಇವೆ. ಸ್ಟ್ರಾಂಗ್ ಹೈಬ್ರಿಡ್‌ನ ಅಧಿಕೃತ ಮೈಲೇಜ್ 27.97 ಕಿ.ಮೀ., ಮೈಲ್ಡ್ ಮ್ಯಾನುಯಲ್‌ನದು 21ರ ಆಸುಪಾಸು. ಆರ್‌ಸಿಯಲ್ಲಿ 'ಹೈಬ್ರಿಡ್' ಎಂದಿದ್ದರೆ ಅಷ್ಟಕ್ಕೇ ನಂಬಬೇಡಿ. ಕಾಲಡಿ ಕ್ಲಚ್ ಇದ್ದರೆ ಅದು ಮೈಲ್ಡ್, ಮಾತೇ ಇಲ್ಲ. ಕ್ಲಚ್ ಇಲ್ಲದಿದ್ದರೆ ಸ್ಟಾರ್ಟ್ ಬಟನ್ ಒತ್ತಿ: ಎಂಜಿನ್ ಸದ್ದಿಲ್ಲದೆ 'ರೆಡಿ' ದೀಪ ಹೊತ್ತಿಕೊಂಡು ಕಾರು ಮೆಲ್ಲಗೆ ಸರಿದರೆ ಸ್ಟ್ರಾಂಗ್. ಬ್ರೋಕರ್ ಹೇಳುವ ದರ ಸ್ಟ್ರಾಂಗ್‌ನದು, ಕೊಡುವ ಕಾರು ಮೈಲ್ಡ್ ಆಗದಿರಲಿ.

ಬೆಟ್ಟವೇ ಪರೀಕ್ಷೆ

ಟೆಸ್ಟ್ ಡ್ರೈವ್ ಎಂದು ಮಳಿಗೆಯವರು ರಿಂಗ್ ರಸ್ತೆಯಲ್ಲಿ ಒಂದು ಸುತ್ತು ಹೊಡೆಸಿ ಕಳಿಸುತ್ತಾರೆ. ಹೈಬ್ರಿಡ್‌ಗೆ ಅದು ಸಾಲದು. ಹೈಬ್ರಿಡ್ ಪರೀಕ್ಷೆಗೆ ಚಾಮುಂಡಿ ಬೆಟ್ಟದ ರಸ್ತೆಯಂಥ ಜಾಗ ಇನ್ನೊಂದಿಲ್ಲ. ನಗರಕ್ಕಿಂತ ಸುಮಾರು ಸಾವಿರ ಅಡಿ ಮೇಲಿದೆ. ಆಷಾಢ ಶುಕ್ರವಾರ, ದಸರಾ ಬಿಟ್ಟು ಯಾವುದಾದರೂ ವಾರದ ನಡುವಿನ ಬೆಳಿಗ್ಗೆ ಹೋಗಿ.

ಮೊದಲು ಸಯ್ಯಾಜಿರಾವ್ ರಸ್ತೆಯ ಸಂದಣಿಯಲ್ಲಿ ತೆವಳಿಸಿ. ಎಂಜಿನ್ ಆಗಾಗ ನಿಂತು ಮೋಟಾರಿನಲ್ಲೇ ಸಾಗಬೇಕು, ಏಸಿ ನಿಲ್ಲಬಾರದು. ಬೆಟ್ಟ ಹತ್ತುವಾಗ ಡ್ಯಾಶ್‌ಬೋರ್ಡ್‌ನಲ್ಲಿ ಬ್ಯಾಟರಿಯ ಗೆರೆಗಳು ಒಂದೊಂದಾಗಿ ಇಳಿಯುತ್ತವೆ. ತುಂಬಿದ್ದ ಗೆರೆಗಳು ಎರಡು ತಿರುವು ದಾಟುವುದರೊಳಗೆ ತಳ ಕಂಡರೆ, ಸಮತಟ್ಟಿಗೆ ಬಂದ ಕೂಡಲೇ ದಿಢೀರನೆ ಮೇಲೇರಿದರೆ, ಸೆಲ್‌ಗಳು ದಣಿದಿವೆ ಎಂದರ್ಥ. ಇಳಿಯುವಾಗ ಬ್ರೇಕಿನ ಶಕ್ತಿ ಬ್ಯಾಟರಿ ಸೇರುತ್ತದೆ. ಈ ಬ್ಯಾಟರಿಗಳು ಚಿಕ್ಕವು (ಹೈರೈಡರ್‌ನದು ಒಂದು ಯೂನಿಟ್ಟಿಗಿಂತ ಕಡಿಮೆ), ಹಾಗಾಗಿ ಬುಡ ತಲುಪುವ ಹೊತ್ತಿಗೆ ಬಹುಪಾಲು ತುಂಬಿರಬೇಕು. ತುಂಬಿದ ಮೇಲೆ ಕಾರನ್ನು ಹಿಡಿದು ನಿಲ್ಲಿಸಲು ಎಂಜಿನ್ ತಾನೇ ಜೋರಾಗಿ ತಿರುಗಬಹುದು. ಗಾಬರಿ ಬೇಡ, ಅದು ದೋಷವಲ್ಲ.

ಆಮೇಲೆ ಅಧಿಕೃತ ಸರ್ವಿಸ್ ಸೆಂಟರ್. ನೋಂದಣಿ ಸಂಖ್ಯೆ ಹೇಳಿದರೆ ಸರ್ವಿಸ್ ಇತಿಹಾಸ ಸಿಗುತ್ತದೆ. ಮಾರುವವರನ್ನೂ ಜೊತೆಗೆ ಕರೆದುಕೊಂಡು ಹೋದರೆ ತೊಂದರೆಯಿಲ್ಲ. ದುಡ್ಡು ಕೊಟ್ಟಾದರೂ ಹೈಬ್ರಿಡ್ ಬ್ಯಾಟರಿಯನ್ನು ಸ್ಕ್ಯಾನರ್ ಹಾಕಿಸಿ ನೋಡಿಸಿ. ಟೊಯೊಟಾ, ಮಾರುತಿ, ಹೊಂಡಾ ಮೂವರದೂ ಈ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ. ಆ ವರ್ಷಗಳು ಮೊದಲ ಒಡೆಯ ಕೊಂಡ ದಿನದಿಂದ ಎಣಿಕೆ, ನಿಮ್ಮಿಂದಲ್ಲ. ಓಡೋಮೀಟರ್ ಹಿಂದಕ್ಕೆ ತಿರುಗಿಸಿದ್ದಾರೆಯೇ ಎಂಬುದಕ್ಕೂ ಈ ಇತಿಹಾಸವೇ ಸಾಕ್ಷಿ. ಹಿಂದಿನ ಸೀಟಿನ ಬಳಿ ಬ್ಯಾಟರಿಗೆ ಗಾಳಿ ಹೋಗುವ ಜಾಲರಿ ಇದ್ದರೆ ಬಗ್ಗಿ ನೋಡಿ: ಧೂಳು, ನಾಯಿಕೂದಲು ಕಟ್ಟಿಕೊಂಡಿದ್ದರೆ ಬ್ಯಾಟರಿ ಬೆಂದಿರಬಹುದು. ಕಿತ್ತಳೆ ಬಣ್ಣದ ವೈರುಗಳಲ್ಲಿ ಭಾರಿ ವೋಲ್ಟೇಜ್ ಇರುತ್ತದೆ. ನೀವೂ ಮುಟ್ಟಬೇಡಿ, ಪರಿಚಯದ ಮೆಕ್ಯಾನಿಕ್ಕಿಗೂ ಮುಟ್ಟಲು ಬಿಡಬೇಡಿ.

ಬೆಂಗಳೂರಿನಿಂದ ಬಂದ ಕಾರಾದರೆ ಇನ್ನೊಂದು ಎಚ್ಚರ. 2022ರ ಸೆಪ್ಟೆಂಬರ್ ಮಳೆಯಲ್ಲಿ ಅಲ್ಲಿ ಎಷ್ಟೋ ಕಾರುಗಳು ಮುಳುಗಿದ್ದವು. ಸೀಟ್ ಬೆಲ್ಟ್ ಪೂರ್ತಿ ಎಳೆದು ಕೆಸರಿನ ಕಲೆ ಹುಡುಕಿ, ಮ್ಯಾಟ್ ಎತ್ತಿ ವಾಸನೆ ನೋಡಿ, ಸೀಟಿನ ಹಳಿಗಳ ತುಕ್ಕು ನೋಡಿ. ನೀರು ಕಂಡ ಹೈಬ್ರಿಡ್ ಎಷ್ಟು ಅಗ್ಗವಾದರೂ ಬೇಡ.

ಕಾಗದ ಪತ್ರದ ಕೆಲಸ ಮಾಮೂಲಿನದೇ. ಫಾರಂ 29, 30. ಸಾಲವಿದ್ದರೆ ಬ್ಯಾಂಕಿನ ಎನ್‌ಒಸಿ ಜೊತೆ ಫಾರಂ 35. ಪರಿವಹನ್ ಜಾಲತಾಣದಲ್ಲಿ ಬಾಕಿ ದಂಡವಿದೆಯೇ ನೋಡಿ. ಕೆಎ-09, ಕೆಎ-55ರ ಕಾರಾಗಲಿ, ಬೆಂಗಳೂರಿನದಾಗಲಿ, ತೆರಿಗೆಯ ಚಿಂತೆಯಿಲ್ಲ. ವಯನಾಡಿನ ಕಡೆಯಿಂದ ಕೇರಳ ನೋಂದಣಿಯ ಕಾರು ಅಗ್ಗಕ್ಕೆ ಬಂದರೆ ಮಾತ್ರ ಅಲ್ಲಿನ ಎನ್‌ಒಸಿ, ಇಲ್ಲಿನ ಜೀವಿತಾವಧಿ ತೆರಿಗೆ ಸೇರಿಸಿ ಬೆಲೆ ಕಟ್ಟಿ. ಮಾಲೀಕತ್ವ ಬದಲಾದ 14 ದಿನದೊಳಗೆ ವಿಮೆಯನ್ನೂ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಹಳೆ ಪಾಲಿಸಿಯ ನೋ ಕ್ಲೇಮ್ ಬೋನಸ್ ಮಾರಿದವರಿಗೇ ಸೇರುತ್ತದೆ. ಅದರ ವ್ಯತ್ಯಾಸದ ಹಣ ನಿಮ್ಮ ಕೈಯಿಂದಲೇ ಹೋಗುತ್ತದೆ, ಚೌಕಾಸಿಯಲ್ಲಿ ಅದನ್ನೂ ಸೇರಿಸಿಕೊಳ್ಳಿ.