ಬೆಸುಗೆಯೂ ಸಾಣೆಯೂ

ಬೈಂದೂರಿನ ಮೂಕಾಂಬಿಕಾ ರೋಡ್ ನಿಲ್ದಾಣದಿಂದ ತೆಂಕಣಕ್ಕೆ ಹೊರಟ ರೈಲು ಬಿಜೂರು, ಸೇನಾಪುರಗಳನ್ನು ದಾಟಿ ಕುಂದಾಪುರವನ್ನು ಸೇರುತ್ತದೆ. ಅಲ್ಲಿಂದ ಮುಂದೆ ಬಾರಕೂರಿನ ಮಾರ್ಗವಾಗಿ ಬ್ರಹ್ಮಾವರದ ಸೀಮೆಯನ್ನು ಹಾದುಹೋಗುತ್ತದೆ. ಎಡಕ್ಕೆ ದೂರದಲ್ಲಿ ಸಹ್ಯಾದ್ರಿಯ ನೀಲಿ ಸಾಲು, ಬಲಕ್ಕೆ ತೆಂಗಿನ ತೋಟಗಳ ಆಚೆ ಕಡಲು. ಹಿಂದಿನ ಕಾಲದ ರೈಲುಪ್ರಯಾಣದ ವರ್ಣನೆಗಳಲ್ಲಿ ತಪ್ಪದೆ ಬರುತ್ತಿದ್ದ ಕಟಕಟ ಸದ್ದು ಈ ದಾರಿಯಲ್ಲಿ ಬಹುಮಟ್ಟಿಗೆ ಕೇಳಿಸದು. ಆ ಸದ್ದು ಹುಟ್ಟುತ್ತಿದ್ದುದು ಹಳಿಗಳ ಸಂದಿನಲ್ಲಿ. ಒಂದು ಹಳಿಯ ತುದಿಗೂ ಮುಂದಿನ ಹಳಿಯ ತುದಿಗೂ ನಡುವೆ ಕಿರಿದಾದ ತೆರಪನ್ನು ಬಿಟ್ಟು, ಇಕ್ಕೆಲಗಳಲ್ಲಿ ಪಟ್ಟಿಗಳನ್ನಿಟ್ಟು ಬೋಲ್ಟುಗಳಿಂದ ಬಿಗಿಯುವುದು ಹಳೆಯ ಪದ್ಧತಿ. ಚಕ್ರವು ಆ ತೆರಪನ್ನು ದಾಟುವಾಗಲೆಲ್ಲ ಹಳಿಯ ತುದಿಯನ್ನು ಬಡಿಯುತ್ತಿತ್ತು. ಕರಾವಳಿಗೆ ರೈಲು ಬಂದದ್ದು ತಡವಾಗಿ. ಕೊಂಕಣ ರೈಲ್ವೆ ನಿಗಮ ಸ್ಥಾಪನೆಯಾದದ್ದು 1990ರಲ್ಲಿ. ರೋಹಾದಿಂದ ತೋಕೂರಿನವರೆಗಿನ ಮಾರ್ಗವೆಲ್ಲ ಸಂಚಾರಕ್ಕೆ ತೆರೆದುಕೊಂಡದ್ದು 1998ರಲ್ಲಿ. ತಡವಾಗಿ ಬಂದುದರಿಂದ ಒಂದು ಲಾಭವೂ ಆಯಿತೆನ್ನಬೇಕು. ಹಳಿಗಳನ್ನು ತುದಿಗೆ ತುದಿ ಸೇರಿಸಿ ಬೆಸೆಯುವ ವಿದ್ಯೆ ಆ ಹೊತ್ತಿಗೆ ಚೆನ್ನಾಗಿ ಬಲಿತಿತ್ತು.

ಇಂತಹ ಒಂದು ಬೆಸುಗೆಯನ್ನು ನಿಲ್ದಾಣದ ಕಟ್ಟೆಯ ಮೇಲೆ ನಿಂತು ನೋಡಿದರೆ ವಿಚಿತ್ರವಾದ ಸಂಗತಿಯೊಂದು ಕಣ್ಣಿಗೆ ಬೀಳುತ್ತದೆ. ಹಳಿಯ ತಲೆ, ಅಂದರೆ ಚಕ್ರ ಉರುಳುವ ಭಾಗ, ಕನ್ನಡಿಯಂತೆ ನಯವಾಗಿರುತ್ತದೆ. ಬೆಸುಗೆ ಎಲ್ಲಿ ತೊಡಗಿತು, ಎಲ್ಲಿ ಮುಗಿಯಿತು ಎಂಬುದನ್ನು ಹುಡುಕಬೇಕಾಗುತ್ತದೆ. ಆದರೆ ಅದರ ಕೆಳಗೆ, ಹಳಿಯ ನಡುವಿನಲ್ಲೂ ಪಾದದಲ್ಲೂ, ಒರಟಾದ ಉಬ್ಬೊಂದು ಕೊರಳಪಟ್ಟಿಯಂತೆ ಸುತ್ತಿಕೊಂಡಿರುತ್ತದೆ. ಅದನ್ನು ಯಾರೂ ಉಜ್ಜಿಲ್ಲ, ನಯಮಾಡಿಲ್ಲ. ಕೆಲಸಗಾರನು ಅರ್ಧ ಕೆಲಸ ಮಾಡಿ ಎದ್ದುಹೋದನೆ? ಇಲ್ಲ. ಎಲ್ಲಿ ಉಜ್ಜಬೇಕು, ಎಲ್ಲಿ ಕೈ ಹಚ್ಚಬಾರದು ಎಂಬುದನ್ನು ಅರಿತವನ ಕೆಲಸವೇ ಹಾಗಿರುತ್ತದೆ.

ಹಳಿಯನ್ನು ಸ್ಥಳದಲ್ಲಿಯೇ ಬೆಸೆಯುವ ಕ್ರಮ ನೋಡತಕ್ಕದ್ದು. ಅದನ್ನು ಥರ್ಮಿಟ್ ಬೆಸುಗೆ ಎನ್ನುತ್ತಾರೆ. ಹಾನ್ಸ್ ಗೋಲ್ಡ್‌ಶ್ಮಿಟ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞನು 1895ರಲ್ಲಿ ಇದರ ಮೂಲಕ್ರಿಯೆಗೆ ಹಕ್ಕುಪತ್ರ ಪಡೆದನು; 1899ರಲ್ಲಿ ಎಸ್ಸೆನ್ ನಗರದ ಟ್ರಾಂ ಹಳಿಗಳನ್ನು ಈ ವಿಧಾನದಿಂದ ಬೆಸೆದರು. ಕಬ್ಬಿಣದ ಆಕ್ಸೈಡಿನ ಪುಡಿಯನ್ನೂ ಅಲ್ಯೂಮಿನಿಯಮಿನ ಪುಡಿಯನ್ನೂ ಬೆರಸಿ ಹೊತ್ತಿಸಿದರೆ, ಅಲ್ಯೂಮಿನಿಯಮು ಆಕ್ಸಿಜನನ್ನು ಕಬ್ಬಿಣದಿಂದ ಕಸಿದುಕೊಳ್ಳುತ್ತದೆ. ಆಗ ಹುಟ್ಟುವ ಶಾಖ ಎರಡು ಸಾವಿರ ಡಿಗ್ರಿ ಸೆಲ್ಸಿಯಸನ್ನೂ ಮೀರುತ್ತದೆ. ಕರಗಿದ ಉಕ್ಕು ತೂಕದಿಂದ ಕೆಳಗಿಳಿಯುತ್ತದೆ, ಕಿಟ್ಟ ಮೇಲೆ ತೇಲುತ್ತದೆ. ಎರಡು ಹಳಿಗಳ ತುದಿಗಳ ನಡುವೆ ಸುಮಾರು 25 ಮಿಲಿಮೀಟರ್ ಅಂತರವನ್ನು ಬಿಟ್ಟು, ಸುತ್ತಲೂ ಅಚ್ಚು ಕಟ್ಟಿ, ತುದಿಗಳನ್ನು ಮೊದಲೇ ಕಾಯಿಸಿ, ಆ ಉಕ್ಕನ್ನು ಒಳಗೆ ಹರಿಯಬಿಡುತ್ತಾರೆ. ವಿದ್ಯುತ್ತಿಲ್ಲದ ಕಾಡಿನ ನಡುವೆಯೂ ಈ ಕೆಲಸ ನಡೆಯಬಲ್ಲದು. ಕೆಲವೇ ನಿಮಿಷಗಳಲ್ಲಿ ಉಕ್ಕು ಗಟ್ಟಿಯಾಗುತ್ತದೆ. ಅಚ್ಚನ್ನು ಒಡೆದಾಗ ಹಳಿಯ ತಲೆಯ ಮೇಲೆ ಕೆಂಪಗೆ ಕಾದ ದೊಡ್ಡ ಗಂಟೊಂದು ನಿಂತಿರುತ್ತದೆ.

ಸಾಣೆಯ ಕೆಲಸ ಇಲ್ಲಿಂದ ಆರಂಭ. ಗಂಟು ಕೆಂಪಾಗಿರುವಾಗಲೇ ಅದರ ಬಹುಭಾಗವನ್ನು ಉಳಿಯಂತಹ ಯಂತ್ರದಿಂದ ಕತ್ತರಿಸಿ ತೆಗೆಯುತ್ತಾರೆ. ಅನಂತರ ಒರಟಾಗಿ ಒಂದು ಸಾಣೆ. ಅಷ್ಟಕ್ಕೆ ನಿಲ್ಲಿಸಬೇಕು. ಬಿಸಿ ಇರುವಾಗಲೇ ಹಳಿಯ ಮಟ್ಟಕ್ಕೆ ಸರಿಯಾಗಿ ಉಜ್ಜಿಬಿಟ್ಟರೆ, ಆ ಹೊತ್ತಿಗೆ ಕಣ್ಣಿಗೆ ಸಮನಾಗಿ ಕಂಡೀತು. ಆದರೆ ಲೋಹವು ತಣಿಯುವಾಗ ಕುಗ್ಗುತ್ತದೆ. ಮರುದಿನ ನೋಡಿದರೆ ಬೆಸುಗೆಯ ಜಾಗದಲ್ಲಿ ಒಂದು ಸಣ್ಣ ತಗ್ಗು! ಉಬ್ಬಿದ್ದರೆ ಇನ್ನೊಮ್ಮೆ ಉಜ್ಜಿ ಸರಿಪಡಿಸಬಹುದು. ತಗ್ಗಿಗೆ ಲೋಹವನ್ನು ಮರಳಿ ತುಂಬುವುದು ಅಷ್ಟು ಸುಲಭವಲ್ಲ. ಆದ್ದರಿಂದ ಕೊನೆಯ ಸಾಣೆಯನ್ನು ಹಳಿ ಪೂರ್ತಿ ತಣಿದ ಮೇಲೆಯೇ ಹಿಡಿಯುತ್ತಾರೆ. ಒಂದು ಮೀಟರ್ ಉದ್ದದ ನೇರಪಟ್ಟಿಯನ್ನು ಬೆಸುಗೆಯ ಮೇಲಿಟ್ಟು, ಅದರಡಿಯಲ್ಲಿ ತೆಳು ತಗಡನ್ನು ತೂರಿಸಿ ಅಳೆಯುತ್ತಾರೆ. ಬೆಸುಗೆಯ ನಡುಭಾಗ ಒಂದು ಮಿಲಿಮೀಟರಿನಷ್ಟು ಎತ್ತರವಿದ್ದರೆ ಭಾರತೀಯ ರೈಲ್ವೆ ಸಹಿಸುತ್ತದೆ, ತಗ್ಗನ್ನು ಸಹಿಸುವುದಿಲ್ಲ. ತಗ್ಗಿದ ಜಾಗದಲ್ಲಿ ಪ್ರತಿಯೊಂದು ಚಕ್ರವೂ ಇಳಿದು ಹೊಡೆಯುತ್ತದೆ. ಒಂದು ರೈಲಿನ ಹೊಡೆತದಿಂದ ಏನೂ ಆಗದು, ನೂರು ರೈಲುಗಳಿಂದಲೂ ಆಗದಿರಬಹುದು. ಆದರೆ ಲೋಹಕ್ಕೂ ದಣಿವೆಂಬುದುಂಟು. ಎಣಿಕೆಯಿಲ್ಲದಷ್ಟು ಬಾರಿ ಪೆಟ್ಟು ತಿಂದ ಮೇಲೆ ಒಂದು ದಿನ ಕೂದಲೆಳೆಯಂತಹ ಬಿರುಕು ಕಾಣಿಸಿಕೊಳ್ಳುತ್ತದೆ.

ಅವಸರದ ಸಾಣೆಯಿಂದ ಇನ್ನೊಂದು ಕೇಡು ಇದೆ. ಚಕ್ರವನ್ನು ಬಲವಾಗಿ ಒತ್ತಿ ಒಂದೇ ಕಡೆ ನಿಲ್ಲಿಸಿದರೆ ಉಕ್ಕಿನ ಮೈ ನೀಲಿಗಟ್ಟುತ್ತದೆ. ಹಳಿಯ ಉಕ್ಕಿನಲ್ಲಿ ಇಂಗಾಲದ ಅಂಶ ನೂರಕ್ಕೆ 0.6ರಿಂದ 0.8ರಷ್ಟಿರುವುದರಿಂದ, ಮೇಲ್ಮೈ ಅತಿಯಾಗಿ ಕಾದು, ಕೆಳಗಿನ ತಣ್ಣನೆಯ ಲೋಹವು ಆ ಶಾಖವನ್ನು ಥಟ್ಟನೆ ಹೀರಿಕೊಂಡಾಗ, ಅದು ಗಾಜಿನಂತೆ ಗಡುಸಾಗಿ ಪೆಡಸಾಗುತ್ತದೆ. ಕಮ್ಮಾರನು ಕಾದ ಕತ್ತಿಯನ್ನು ನೀರಿಗೆ ಅದ್ದಿದಾಗ ಆಗುವುದೂ ಇದೇ. ಆದರೆ ಅವನು ಬೇಕೆಂದು ಮಾಡುತ್ತಾನೆ, ಮಾಡಿದ ಮೇಲೆ ಮತ್ತೆ ಹದವಾಗಿ ಕಾಯಿಸಿ ಆ ಪೆಡಸನ್ನು ಇಳಿಸುತ್ತಾನೆ. ಹಳಿಯ ಮೇಲೆ ಬೇಡದೆ ಹುಟ್ಟಿದ ಈ ಗಡಸು ಪದರದಲ್ಲಿ ಬಿರುಕು ಬೇಗ ಬೇರೂರುತ್ತದೆ. ಹಗುರವಾಗಿ ಒತ್ತುವುದು, ಚಕ್ರವನ್ನು ಹಿಂದೆ ಮುಂದೆ ಆಡಿಸುತ್ತಲೇ ಇರುವುದು, ನಡುನಡುವೆ ಬಿಡುವು ಕೊಡುವುದು, ಇವಿಷ್ಟೇ ಇದಕ್ಕೆ ಉಪಾಯ.

ಇನ್ನು ಆ ಒರಟು ಕೊರಳಪಟ್ಟಿಯ ವಿಷಯ. ಚಕ್ರದ ಭಾರ ಬಿದ್ದಾಗ ಹಳಿಯು ತೊಲೆಯಂತೆ ಬಾಗುತ್ತದೆ. ತಲೆ ಒತ್ತಲ್ಪಡುತ್ತದೆ, ಪಾದದ ಅಡಿಭಾಗ ಎಳೆಯಲ್ಪಡುತ್ತದೆ. ಎಳೆತಕ್ಕೆ ಸಿಕ್ಕಿದ ಜಾಗದಲ್ಲಿ ಸಾಣೆಚಕ್ರದ ಒಂದು ಅಡ್ಡಗೀರು ಬಿದ್ದರೂ ಅದು ಬಿರುಕಿಗೆ ದಾರಿ ತೋರಿಸುತ್ತದೆ. ಬಟ್ಟೆಯ ಅಂಚಿನಲ್ಲಿ ಸಣ್ಣ ಕತ್ತರಿಗುರುತು ಮಾಡಿದ ವ್ಯಾಪಾರಿಗೆ ಮುಂದೆ ಕತ್ತರಿಯೇ ಬೇಡ; ಎಳೆದರೆ ಸಾಕು, ಬಟ್ಟೆ ಸೀಳುತ್ತ ಹೋಗುತ್ತದೆ. ಚಕ್ರ ತಾಗದ ಆ ಭಾಗ ನಯವಾಗಿದ್ದು ಯಾರಿಗೂ ಉಪಕಾರವಿಲ್ಲ.

ರೈಲ್ವೆಯಲ್ಲಿ ಇದಕ್ಕೆಲ್ಲ ನಿಯಮಗಳುಂಟು, ಪರೀಕ್ಷೆಗಳುಂಟು. ಹೆದ್ದಾರಿಯ ಬದಿಯ ಬೆಸುಗೆ ಅಂಗಡಿಗಳಲ್ಲಿ ಗಿರಾಕಿಯ ಕಣ್ಣೇ ಪರೀಕ್ಷಕ. ಗೇಟು, ಕಿಟಕಿಯ ಸರಳು, ಮೆಟ್ಟಿಲ ಕೈಪಿಡಿ, ಬಾವಿಯ ರಾಟೆಯ ಚೌಕಟ್ಟು ಯಾವುದೇ ಇರಲಿ, ಬೆಸುಗೆ ಕಾಣಿಸಬಾರದು ಎಂಬುದು ಗಿರಾಕಿಯ ಬಯಕೆ. ಬಯಕೆ ತಪ್ಪಲ್ಲ, ಆದರೆ ಅದಕ್ಕೊಂದು ಬೆಲೆಯುಂಟು. ಒಂದು ತಗಡಿನ ಮೇಲೆ ಇನ್ನೊಂದನ್ನು ಲಂಬವಾಗಿ ನಿಲ್ಲಿಸಿ ಮೂಲೆಯಲ್ಲಿ ಬೆಸೆದಾಗ ಆ ಬೆಸುಗೆಯ ಅಡ್ಡಕೊಯ್ತ ಹೆಚ್ಚುಕಡಿಮೆ ತ್ರಿಕೋನಾಕಾರವಾಗಿರುತ್ತದೆ. ಅದರ ಬಲವನ್ನು ಅಳೆಯುವುದು ಬಾಹುಗಳಿಂದಲ್ಲ; ಮೂಲೆಯಿಂದ ಹೊರಮುಖಕ್ಕೆ ಇರುವ ಅತಿ ಕಡಮೆ ದೂರದಿಂದ. ಇದನ್ನು ಬೆಸುಗೆಯ ಕಂಠವೆನ್ನಬಹುದು. ಬಾಹು 6 ಮಿಲಿಮೀಟರ್ ಇದ್ದರೆ ಕಂಠ 4.2 ಮಿಲಿಮೀಟರ್ ಮಾತ್ರ. ಚೆಂದಕ್ಕೆಂದು ಹೊರಮುಖದಿಂದ ಒಂದು ಮಿಲಿಮೀಟರ್ ಉಜ್ಜಿ ತೆಗೆದರೆ ಉಳಿಯುವುದು 3.2. ಕಣ್ಣಿಗೆ ಹೆಚ್ಚು ವ್ಯತ್ಯಾಸ ತೋರದು. ಆದರೆ ಬಲದ ಸುಮಾರು ಕಾಲುಭಾಗ ಕಿಡಿಗಳಾಗಿ ಹಾರಿಹೋಗಿರುತ್ತದೆ. ಮೂಲೆಬೆಸುಗೆಯನ್ನು ನಯಗೊಳಿಸಲೇಬೇಕೆಂದಿದ್ದರೆ ಮೊದಲೇ ಅದನ್ನು ದೊಡ್ಡದಾಗಿ ಬೆಸೆದಿರಬೇಕು.

ಎರಡು ತಗಡುಗಳ ಅಂಚುಗಳನ್ನು ಎದುರುಬದುರಾಗಿಟ್ಟು ಬೆಸೆದ ಕಡೆ ಮಾತು ಬೇರೆ. ಅಲ್ಲಿ ತಗಡಿನ ಮಟ್ಟಕ್ಕಿಂತ ಮೇಲಕ್ಕೆ ಎದ್ದ ಉಬ್ಬು ಬಲಕ್ಕೆ ಅಷ್ಟಾಗಿ ಬೇಕಿಲ್ಲ. ಎಷ್ಟೋ ಸಲ ಆ ಉಬ್ಬು ತಗಡನ್ನು ಸೇರುವ ಅಂಚೇ ದಣಿವಿನ ಬಿರುಕಿಗೆ ತವರು. ಅದನ್ನು ತಗಡಿನ ಮಟ್ಟಕ್ಕೆ ಇಳಿಸುವುದರಿಂದ ಒಳ್ಳೆಯದೇ ಆಗುತ್ತದೆ. ಆದರೆ ಎರಡು ಷರತ್ತುಗಳಿವೆ. ತಗಡಿನೊಳಕ್ಕೆ ಸಾಣೆ ಇಳಿಯಕೂಡದು. 8 ಮಿಲಿಮೀಟರ್ ತಗಡಿನಲ್ಲಿ ಒಂದು ಮಿಲಿಮೀಟರ್ ತೋಡಿದರೆ ದಪ್ಪದ ಎಂಟನೆಯ ಒಂದು ಭಾಗ ಹೋದಂತೆ. ಕೊನೆಯ ಗೀರುಗಳು ಎಳೆತದ ದಿಕ್ಕಿನಲ್ಲಿ ಉದ್ದಕ್ಕೆ ಇರಬೇಕು, ಅಡ್ಡಕ್ಕಲ್ಲ. ಇದಲ್ಲದೆ ಬೆಸುಗೆಯು ಬೇರಿನವರೆಗೆ ತುಂಬಿಕೊಂಡಿರಬೇಕೆಂಬುದು ಹೇಳದೆಯೇ ಇರುವ ಷರತ್ತು. ಮೇಲೆ ಮಾತ್ರ ಹಿಡಿದುಕೊಂಡ ಪೊಳ್ಳು ಬೆಸುಗೆಯ ಉಬ್ಬನ್ನು ಉಜ್ಜಿ ತೆಗೆದರೆ ಇದ್ದ ಹಿಡಿತವೂ ಹೋಗುತ್ತದೆ. ಆಗ ಪುಟ್ಟಿ ಮೆತ್ತಿ ಬಣ್ಣ ಬಳಿದರೆ ಗಿರಾಕಿಗೆ ಸಂತೋಷ. ಮಳೆಗಾಲದವರೆಗೆ.

ಬಣ್ಣದ ಅಡಿಯಲ್ಲಿ ಅಡಗಿದ ಬಿರುಕು ಏನು ಮಾಡಬಲ್ಲದೆಂಬುದಕ್ಕೆ ಉತ್ತರ ಸಮುದ್ರದಲ್ಲಿ ಸಾಕ್ಷಿ ದೊರೆಯಿತು. ನಾರ್ವೆಯ ಎಕೋಫಿಸ್ಕ್ ತೈಲಕ್ಷೇತ್ರದಲ್ಲಿ ಕೆಲಸಗಾರರ ವಸತಿಗೆಂದು ಅಲೆಕ್ಸಾಂಡರ್ ಕೀಲಾಂಡ್ ಎಂಬ ಐದು ಕಾಲುಗಳ ತೇಲುಕಟ್ಟೆಯೊಂದಿತ್ತು. 1980ರ ಮಾರ್ಚ್ 27ರ ಸಂಜೆ ಬಿರುಗಾಳಿಯಲ್ಲಿ ಅದರ ಒಂದು ಕಾಲು ಕಳಚಿ, ಇಡೀ ಕಟ್ಟೆ ಮಗುಚಿಕೊಂಡಿತು. ಅಲ್ಲಿದ್ದ 212 ಜನರಲ್ಲಿ 123 ಜನ ಸತ್ತರು. ತನಿಖೆ ನಡೆಸಿದವರು ಬಿರುಕಿನ ಜಾಡನ್ನು ಹಿಡಿದು ಹಿಂದಕ್ಕೆ ಹೋದಾಗ ಅದು ತಲಪಿದ್ದು ಒಂದು ಸಣ್ಣ ಮೂಲೆಬೆಸುಗೆಗೆ. ಭಾರ ಹೊರುವುದಕ್ಕಾಗಿ ಹಾಕಿದ್ದ ಬೆಸುಗೆಯೂ ಅದಲ್ಲ. ನೀರಿನೊಳಗಿನ ಸದ್ದನ್ನು ಕೇಳುವ ಉಪಕರಣವೊಂದನ್ನು ಆಧಾರದ ಕೊಳವೆಗೆ ಕೂಡಿಸಲು ಹಾಕಿದ 6 ಮಿಲಿಮೀಟರಿನ ಬೆಸುಗೆ. ಬಿರುಕಿನ ಒಳಗೆ ಬಣ್ಣದ ಕುರುಹು ಸಿಕ್ಕಿತು. ಕಟ್ಟೆಯನ್ನು ಕಡಲಿಗಿಳಿಸುವ ಮೊದಲೇ, ಬಣ್ಣ ಬಳಿಯುವಾಗಲೇ, ಬಿರುಕು ಅಲ್ಲಿತ್ತು.

ಕಡಲನ್ನು ನಂಬಿ ಬದುಕುವ ಈ ಸೀಮೆಗೆ ಆ ಕಥೆ ದೂರದ್ದಲ್ಲ. ಬ್ರಹ್ಮಾವರ ತಾಲ್ಲೂಕಿನ ಹಂಗಾರಕಟ್ಟೆಯಲ್ಲಿ ಹಡಗುಕಟ್ಟೆಯಿದೆ. ಮಲ್ಪೆಯ ಕಟ್ಟೆಯೊಂದಿಗೆ ಅದು 2020ರಲ್ಲಿ ಕೊಚ್ಚಿನ್ ಶಿಪ್‌ಯಾರ್ಡಿನ ಕೈಸೇರಿ, ಈಗ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ದೊಡ್ಡ ಹಡಗುಗಳನ್ನು ಎಳೆಯುವ ಉಕ್ಕಿನ ಟಗ್ಗುಗಳು ಈ ಸಂಸ್ಥೆಯಲ್ಲಿ ತಯಾರಾಗುತ್ತವೆ. ಗಂಗೊಳ್ಳಿಯಂತಹ ಬಂದರುಗಳಲ್ಲಿ ಜೂನ್, ಜುಲೈ ತಿಂಗಳ ನಿಷೇಧಕಾಲದಲ್ಲಿ ಯಂತ್ರದೋಣಿಗಳು ದಡ ಸೇರಿದಾಗ ದುರಸ್ತಿಯ ಕೆಲಸ ಬಿರುಸಾಗುತ್ತದೆ. ಹಡಗಿನ ಮೈಯ ಬೆಸುಗೆಗಳನ್ನೆಲ್ಲ ಕಣ್ಣಿಗೆ ಕಾಣದಂತೆ ಉಜ್ಜುವ ಅಗತ್ಯವಿಲ್ಲ. ಸಿಡಿದು ಅಂಟಿದ ಹನಿಗಳನ್ನೂ ಕಿಟ್ಟವನ್ನೂ ತೆಗೆಯಬೇಕು, ಚೂಪಾದ ಅಂಚುಗಳನ್ನು ದುಂಡಗೆ ಮಾಡಬೇಕು. ಚೂಪಾದ ಅಂಚಿನ ಮೇಲೆ ಬಣ್ಣ ತೆಳುವಾಗಿ ನಿಲ್ಲುತ್ತದೆ, ಉಪ್ಪುನೀರು ಮೊದಲು ನುಗ್ಗುವುದು ಅಲ್ಲಿಯೇ. ಇಲ್ಲಿ ಸಾಣೆಯು ಅಂದಕ್ಕಲ್ಲ, ಆಯುಸ್ಸಿಗೆ.

ತುಕ್ಕು ಹಿಡಿಯದ ಉಕ್ಕೆಂದು ಹೆಸರಾದ ಸ್ಟೀಲಿನಲ್ಲಿಯೂ ಕರಾವಳಿಯ ಗಾಳಿ ತಪ್ಪನ್ನು ಬಯಲುಮಾಡುತ್ತದೆ. ಸಾಮಾನ್ಯ ಕಬ್ಬಿಣವನ್ನು ಉಜ್ಜಿದ ಚಕ್ರದಿಂದಲೇ ಸ್ಟೀಲನ್ನೂ ಉಜ್ಜಿದರೆ ಕಬ್ಬಿಣದ ಕಣಗಳು ಅದರ ಮೈಗೆ ನಾಟಿಕೊಳ್ಳುತ್ತವೆ. ಹೊಸ ಕೈಪಿಡಿಯ ಮೇಲೆ ಕಂದು ಚುಕ್ಕೆಗಳೇಳುತ್ತವೆ. ಮನೆಯೊಡೆಯನು ಸ್ಟೀಲು ಕಳಪೆಯೆಂದು ಅಂಗಡಿಯವನನ್ನು ಬಯ್ಯುತ್ತಾನೆ. ಸ್ಟೀಲು ಒಳ್ಳೆಯದೇ, ಚಕ್ರ ಬೇರೆಯಾಗಿರಬೇಕಿತ್ತು.

ಸಾಣೆಚಕ್ರವೆಂದರೆ ಗಟ್ಟಿ ಹರಳುಗಳನ್ನು ಅಂಟಿನಿಂದ ಹಿಡಿದಿಟ್ಟ ಬಿಲ್ಲೆ. ಒಂದೊಂದು ಹರಳೂ ಒಂದೊಂದು ಪುಟ್ಟ ಉಳಿ. ಮೊದಲು ಒರಟು ಹರಳಿನದು, ಅನಂತರ ಸಣ್ಣ ಹರಳಿನದು, ಕೊನೆಗೆ ಎಸಳೆಸಳಾಗಿ ಕಾಗದ ಜೋಡಿಸಿದ್ದು, ಹೀಗೆ ಮೆಟ್ಟಿಲಿಳಿದಂತೆ ಇಳಿಯಬೇಕು. ಒರಟು ಚಕ್ರದ ಗೀರು ಮಾಸುವ ಮೊದಲೇ ಮುಂದಿನದಕ್ಕೆ ಹಾರಿದರೆ ಆ ಗೀರು ಹೊಳಪಿನಡಿಯಲ್ಲಿ ಉಳಿದೇಬಿಡುತ್ತದೆ. ಅಂಗಡಿಗಳಲ್ಲಿ ಬಳಸುವ ಕೈಯಂತ್ರದ ಬಿಲ್ಲೆಗೆ 100 ಮಿಲಿಮೀಟರ್ ವ್ಯಾಸ, ನಿಮಿಷಕ್ಕೆ ಸುಮಾರು 11,000 ಸುತ್ತು. ಅದರ ಅಂಚಿನ ವೇಗವನ್ನು ಲೆಕ್ಕಹಾಕಿದರೆ ಗಂಟೆಗೆ 200 ಕಿಲೋಮೀಟರನ್ನು ದಾಟುತ್ತದೆ. ಬೈಂದೂರಿನ ಹಳಿಯ ಮೇಲೆ ಯಾವ ರೈಲೂ ಅಷ್ಟು ವೇಗದಲ್ಲಿ ಓಡುವುದಿಲ್ಲ. ಬಿರುಕುಬಿಟ್ಟ ಬಿಲ್ಲೆ ಆ ವೇಗದಲ್ಲಿ ಒಡೆದರೆ ಚೂರುಗಳು ಗುಂಡಿನಂತೆ ಹಾರುತ್ತವೆ. ಕಣ್ಣಿಗೆ ಕನ್ನಡಕವಿಲ್ಲದೆ, ಯಂತ್ರದ ರಕ್ಷಾಕವಚವನ್ನು ಬಿಚ್ಚಿಟ್ಟು ಕೆಲಸ ಮಾಡುವ ಹುಡುಗರನ್ನು ಕಂಡಾಗ ಅವರ ಮಾಲಿಕರನ್ನು ಕುರಿತು ಕಟುವಾಗಿ ಮಾತಾಡದೆ ಇರುವುದು ಕಷ್ಟ.

ಹಳಿಯ ಬೆಸುಗೆ ಸಾಣೆ ಮುಗಿಸಿಕೊಂಡ ಮೇಲೆ ಅದರೊಳಗೆ ಕಿವಿಗೆ ಕೇಳದ ಧ್ವನಿಯ ಅಲೆಗಳನ್ನು ಹಾಯಿಸಿ ಪೊಳ್ಳಿದೆಯೇ ಎಂದು ನೋಡುತ್ತಾರೆ. ಬಳಿಕ ಅದರ ಪಕ್ಕದಲ್ಲಿ, ಬೆಸೆದ ತಿಂಗಳು, ವರ್ಷ, ಬೆಸುಗೆಯ ಸಂಖ್ಯೆ, ಬೆಸೆದವನ ಗುರುತು ಇವುಗಳನ್ನು ಬರೆದಿಡುತ್ತಾರೆ. ಮಳೆಗಾಲದ ರಾತ್ರಿಗಳಲ್ಲಿ, ಗುಡ್ಡ ಕುಸಿದು ಹಳಿಯ ಮೇಲೆ ಬಿದ್ದೀತೆಂಬ ಭಯದಿಂದ, ಕಾವಲುಗಾರರು ದೀಪ ಹಿಡಿದು ಕೊಂಕಣ ಮಾರ್ಗದಲ್ಲಿ ನಡೆಯುತ್ತಾರೆ. ದೀಪದ ಬೆಳಕು ಹಳಿಯ ತಲೆಯ ಮೇಲೆ ಎಲ್ಲಿಯೂ ತಡೆಯದೆ ಜಾರುತ್ತ ಹೋಗುತ್ತದೆ. ಒರಟು ಕೊರಳಪಟ್ಟಿಯೂ ಅದರ ಬಳಿಯ ಅಂಕಿಗಳೂ ಕಂಡಾಗಲೇ ಅಲ್ಲೊಂದು ಬೆಸುಗೆಯಿದೆಯೆಂದು ಅವರಿಗೆ ತಿಳಿಯುತ್ತದೆ.