ಹತ್ತು ಮನೆಗೊಂದು ಕಣಜ

ಶ್ರವಣಬೆಳಗೊಳದ ಚಂದ್ರಗಿರಿಯ ಉತ್ತರಕ್ಕಿರುವ ಜಿನನಾಥಪುರ 12ನೇ ಶತಮಾನದಲ್ಲಿ ದಂಡನಾಯಕ ಗಂಗರಾಜ ನೆಲೆಗೊಳಿಸಿದ ಊರು. ಇಲ್ಲಿನ ಶಾಂತಿನಾಥ ಬಸದಿಯ ಶಿಲ್ಪದ ಬಗ್ಗೆ ಬರೆದವರು ಬಹಳ. ಈ ಲೇಖನ ಸುತ್ತಲಿನ ಕೆಮ್ಮಣ್ಣಿನ ಹೊಲಗಳ ಬಗ್ಗೆ.

ಈ ಊರಿರುವ ಚನ್ನರಾಯಪಟ್ಟಣ ಸೀಮೆಯ ಬದುಕು ತೆಂಗು ಮತ್ತು ರಾಗಿಯದು. ಕೊಬ್ಬರಿ ದರ ತಿಪಟೂರಿನ ಹರಾಜಿನಲ್ಲಿ ಕುಸಿದರೆ ಇಲ್ಲಿ ಅಂಗಡಿ ಸಾಲ ಏರುತ್ತದೆ. 2013ರ ಆಹಾರ ಭದ್ರತಾ ಕಾಯ್ದೆಯಡಿ ಆದ್ಯತಾ ಕುಟುಂಬದ ಪ್ರತಿಯೊಬ್ಬರಿಗೂ ತಿಂಗಳಿಗೆ 5 ಕೆ.ಜಿ. ಧಾನ್ಯ ಸಿಗುತ್ತದೆ, ಅದು ದೊಡ್ಡ ಆಸರೆ. ಆದರೆ ಮುದ್ದೆಯ ಜೊತೆಗೆ ಸಾರಿಗೆ ಬೇಕಾದ ಕಾಳು? ಅದನ್ನು ಕೊಡುತ್ತಿದ್ದದ್ದು ಅಕ್ಕಡಿ ಸಾಲು: ರಾಗಿಯ ನಡುವೆ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು. ಮಳೆ ಕೈಕೊಟ್ಟು ರಾಗಿ ಸೊರಗಿದರೂ ಆಳಕ್ಕೆ ಬೇರಿಳಿಸಿದ ತೊಗರಿ ಒಂದಿಷ್ಟು ಕೈಗೆ ಹತ್ತುತ್ತಿತ್ತು.

ಅಕ್ಕಡಿ ಕಡಿಮೆಯಾಗಲು ಕೂಲಿಯಾಳಿನ ಕೊರತೆಯೊಂದೇ ಕಾರಣವಲ್ಲ. ರಾಗಿ ಕೊಯ್ದ ಮೇಲೂ ತೊಗರಿ ಹೊಲದಲ್ಲೇ ನಿಂತಿರುತ್ತದೆ. ಅಷ್ಟರಲ್ಲಿ ಊರ ದನ, ಕುರಿ ಬಯಲಿಗೆ ಬಿಟ್ಟಾಗಿರುತ್ತದೆ. ಒಬ್ಬನೇ ತೊಗರಿ ಹಾಕಿದರೆ ಅದು ಊರಿನ ಮೇವಾಗುತ್ತದೆ. ಹಾಗಾಗಿ ಅಕ್ಕಡಿಯನ್ನು ಒಂಟಿಯಾಗಿ ಮಾಡಲಾಗದು. ಅಕ್ಕಪಕ್ಕದ ಹೊಲದವರು ಹತ್ತು ಮನೆಯಾದರೂ ಬಿತ್ತನೆಗೆ ಮೊದಲೇ ಕೂತು, ತೊಗರಿ ಮನೆ ಸೇರುವವರೆಗೆ ಆ ಬಯಲಿಗೆ ದನ ಬಿಡುವುದಿಲ್ಲ ಎಂದು ಮಾತಾಡಿಕೊಳ್ಳಬೇಕು. ಕುರಿ ಸಾಕುವವರನ್ನು ಆ ಮಾತಿಗೆ ಮೊದಲು ಕರೆಯಿರಿ. ಅವರಿಗೆ ಬೇರೆ ಮೇವಿನ ಜಾಗ ತೋರಿಸದೆ ಕಟ್ಟಳೆ ಹೇರುವುದು ಅನ್ಯಾಯ.

ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ, ಅವರೆಯಾದರೆ ಒಂದು ಸಾಲು ಸಾಕು. ಕೂರಿಗೆ ಬಿತ್ತನೆಗೆ ಎಕರೆಗೆ 4ರಿಂದ 5 ಕೆ.ಜಿ. ರಾಗಿ ಬೇಕು. ಬೆಂಕಿ ರೋಗ ಕಾಡುವಲ್ಲಿ ಜಿಪಿಯು-28 ಅಥವಾ ಎಂಎಲ್-365 ತಳಿ ಒಳ್ಳೆಯದು. ಕಳೆ, ಕೊಯ್ಲಿಗೆ ಮುಯ್ಯಾಳು ಪದ್ಧತಿಯೇ ಇರಲಿ: ಇವತ್ತು ನನ್ನ ಹೊಲಕ್ಕೆ ನೀವು, ನಾಳೆ ನಿಮ್ಮ ಹೊಲಕ್ಕೆ ನಾನು. ಮನೆಯಲ್ಲಿ ದುಡಿಯುವ ಕೈ ಕಡಿಮೆಯಿರುವ ವಿಧವೆಯರು, ವಯಸ್ಸಾದವರ ಹೊಲಕ್ಕೂ ಸರದಿ ತಪ್ಪಬಾರದು.

ಆಮೇಲಿನ ಕೆಲಸ ಹತ್ತು ಮನೆ ಸೇರಿ ಧಾನ್ಯ ಕೂಡಿಡುವ ಕಣಜ. ನಮ್ಮ ಬೀದರಿನ ಗಡಿಯಾಚೆ, ಜಹೀರಾಬಾದ್ ಸುತ್ತಿನ ಹಳ್ಳಿಗಳಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮಹಿಳಾ ಸಂಘಗಳು 1990ರ ದಶಕದಲ್ಲೇ ಇದನ್ನು ಮಾಡಿ ತೋರಿಸಿದವು. ಪಾಳು ಬಿದ್ದ ಭೂಮಿ ಉಳಲು ಬಡ ರೈತರಿಗೆ ನೆರವು ಕೊಟ್ಟರು, ಸಾಲವನ್ನು ಜೋಳದ ರೂಪದಲ್ಲಿ ಹಿಂಪಡೆದರು, ಅದನ್ನು ಊರಲ್ಲೇ ಕೂಡಿಟ್ಟು ಕಷ್ಟದ ತಿಂಗಳುಗಳಲ್ಲಿ ಕಡಿಮೆ ದರಕ್ಕೆ ಹಂಚಿದರು. ಯಾರ ಮನೆಗೆ ಎಷ್ಟು ಎಂದು ನಿರ್ಧರಿಸಿದ್ದು ಊರವರೇ. ಅಲ್ಲಿ ಜೋಳ, ಇಲ್ಲಿ ರಾಗಿ, ಲೆಕ್ಕ ಅದೇ.

ಮೊದಲ ವರ್ಷ ಬೀಜದಿಂದಲೇ ಶುರುಮಾಡಿ. ಪೈರು ನಿಂತಿರುವಾಗಲೇ ರೋಗವಿಲ್ಲದ, ತುಂಬಿದ ತೆನೆ ಆರಿಸಿ. ಸೇರು ಬೀಜ ಒಯ್ದವರು ಸುಗ್ಗಿಯಲ್ಲಿ ಒಂದೂವರೆ ಸೇರು ತಂದುಕೊಡಲಿ. ಬೆಳೆ ಕೆಟ್ಟ ವರ್ಷ ವಾಯಿದೆ ಕೊಡಿ. ಚೆನ್ನಾಗಿ ಒಣಗಿದ ರಾಗಿ ವರ್ಷಗಟ್ಟಲೆ ಉಳಿಯುತ್ತದೆ. ಅವರೆಗೆ ಮಾತ್ರ ಹುಳ ಬೇಗ ಬೀಳುವುದರಿಂದ ಬಿತ್ತನೆಯ ಕಾಳಿಗೆ ಒಣ ಬೂದಿ ಬೆರೆಸಿಡಿ. ಧಾನ್ಯ ತುಂಬಿಡುವ ನೆಲದೊಳಗಿನ ಹಳೆಯ ಹಗೇವು ಬಳಸುವವರು ಎಚ್ಚರ: ಕಲ್ಲು ಸರಿಸಿದ ಕೂಡಲೇ ಯಾರೂ ಒಳಗಿಳಿಯಬಾರದು, ಒಳಗಿನ ಕೆಟ್ಟ ಗಾಳಿ ಜೀವ ತೆಗೆಯುತ್ತದೆ. ಹೊಸದಾಗಿ ಆರಂಭಿಸುವವರಿಗೆ ತಗಡಿನ ಡ್ರಮ್ಮುಗಳೇ ಸಾಕು, ಜೊತೆಗೆ ಎಲ್ಲರೂ ಓದಬಹುದಾದ ಒಂದು ಲೆಕ್ಕದ ಪುಸ್ತಕ.